ಅಕ್ಕಿಯ ಪದಕ

ನಾನು ಸುಳ್ಳು ಹೇಳಿದ್ದು ಒಂದೇ ಸಲ. ಆಮೇಲೆ ಒಂಬತ್ತು ವರ್ಷ ಅದಕ್ಕೆ ಮೇವು ಹಾಕಿ ಸಾಕಿದೆ, ಅಷ್ಟೆ.

ನನ್ನ ತಮ್ಮ ಶಿವಮಲ್ಲಪ್ಪ ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತನಾಗಿ ವಯನಾಡಿನ ನಮ್ಮೂರಿಗೆ ಬಂದವನು. ಅವನ ಎದೆಯ ಮೇಲೆ ಎರಡು ಪದಕಗಳು ಮುಖ್ಯವಾದವು. ಮೊದಲನೆಯದು ಅರವತ್ತೈದರ ಯುದ್ಧದಲ್ಲಿ ಬಂದ ಸೇನಾ ಪದಕ. ಬೆಳ್ಳಿಯದು, ಕೆಂಪು ಪಟ್ಟಿಯ ನಡುವೆ ಬಿಳಿ ಗೆರೆ. ಭುಜಕ್ಕೆ ಗುಂಡು ಹೊಕ್ಕಿದ್ದರೂ ಹನ್ನೊಂದು ಜನರನ್ನು ಕಟ್ಟಿಕೊಂಡು ಒಂದು ದಿಬ್ಬವನ್ನು ಎರಡು ದಿನ ಬಿಟ್ಟುಕೊಡದೆ ಹಿಡಿದಿದ್ದ. ಅದನ್ನು ಹೇಳುವಾಗ ನಾನು ಉಪ್ಪುಖಾರ ಹಚ್ಚಬೇಕಾಗಿಯೇ ಇರಲಿಲ್ಲ.

ಎರಡನೆಯದು ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಬಂತು. ವಿಶಿಷ್ಟ ಸೇವಾ ಪದಕ, ಹಳದಿ ಪಟ್ಟಿಯ ಮೇಲೆ ಮೂರು ನೀಲಿ ಗೆರೆ. ತಮ್ಮ ಕಾಗದದಲ್ಲಿ ಬರೆದಿದ್ದ: "ಅಕ್ಕ, ಇದು ಗುಂಡು ಹಾರಿಸಿದ್ದಕ್ಕೆ ಬಂದದ್ದಲ್ಲ. ಈ ಸಲ ನಾನು ಬಂದೂಕು ಮುಟ್ಟಲೇ ಇಲ್ಲ. ಹೆಡ್‌ಕ್ವಾರ್ಟರಿನಲ್ಲಿ ಕೂತು, ಮುಂದೆ ಹೋದವರಿಗೆ ಅಕ್ಕಿ, ಬೇಳೆ, ಮದ್ದುಗುಂಡು ಹೊತ್ತಿಗೆ ಸರಿಯಾಗಿ ಮುಟ್ಟುವಂತೆ ನೋಡಿಕೊಂಡೆ."

ಓದಿ ನನಗೆ ಮೈ ಉರಿದುಹೋಯಿತು. ಅಕ್ಕಿ ಮುಟ್ಟಿಸಿದ್ದಕ್ಕೆ ಪದಕವಾದರೆ ನಮ್ಮ ಕಾಟ್ಟಿಕುಳಂ ಜಂಕ್ಷನ್ನಿನ ರೇಷನ್ ಅಂಗಡಿಯವನಿಗೂ ಒಂದು ಕೊಡಲಿ ಎಂದುಕೊಂಡು ಕಾಗದವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದೆ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನಮ್ಮ ಗದ್ದೆಯ ಬದು ದಾಟಿದರೆ ನಾರಾಯಣಿಯ ಮನೆ. ಒಳ್ಳೆಯವಳೇ, ಬಾಯಿ ಮಾತ್ರ ದೊಡ್ಡದು. ನನ್ನದು ಅದಕ್ಕಿಂತ ದೊಡ್ಡದಾದ್ದರಿಂದ ನಮ್ಮಿಬ್ಬರಿಗೂ ಹೊಂದಿಕೆಯಾಗಿತ್ತು. ಅವಳ ಮೈದುನ ಕುಮಾರನ್ ಕೂಡ ಸೈನ್ಯದಲ್ಲಿದ್ದ, ಅಡುಗೆಯವನಾಗಿ. ಅದೇ ಯುದ್ಧದಲ್ಲಿ ಷೆಲ್ಲಿನ ಚೂರು ಕಾಲಿಗೆ ಬಡಿದು ಕುಂಟುತ್ತ ಬಂದ. ಅಕ್ಕಿ ತಂದ ದೋಣಿಯಲ್ಲೇ, ಖಾಲಿ ಗೋಣಿಚೀಲದ ಮೇಲೆ ಮಲಗಿಸಿ ಅವನನ್ನು ಹೊಳೆ ದಾಟಿಸಿದರಂತೆ. "ನಿನ್ನ ಮೈದುನ ಯುದ್ಧದಾಗೂ ಅಕ್ಕಿಚೀಲ ಬುಡ್ನಿಲ್ವಲ್ಲ ನಾರಾಯಣಿ," ಎಂದು ನಾನು ನಕ್ಕಿದ್ದೆ. ಹಾಗೆ ನಕ್ಕು ಇನ್ನೂ ತಿಂಗಳಾಗಿರಲಿಲ್ಲ, ಅವಳು ಬಂದು ನಿನ್ನ ತಮ್ಮನ ಹೊಸ ಪದಕ ಯಾವುದಕ್ಕೆ ಎಂದು ಕೇಳಿದಳು. ಅಕ್ಕಿಗೆ ಎಂದು ಹೇಳಲು ನಾಲಗೆ ಏಳುತ್ತದೆಯೇ?

"ಎರಡು ಟ್ಯಾಂಕ್ ಪುಡಿಪುಡಿ ಮಾಡ್ದ," ಎಂದೆ.

ಆ ಎರಡು ಟ್ಯಾಂಕು ಪಕ್ಕದೂರು ಪಯ್ಯಂಪಳ್ಳಿ ಮುಟ್ಟುವಷ್ಟರಲ್ಲಿ ನಾಲ್ಕಾಗಿದ್ದವು. ಅದರಲ್ಲಿ ನನ್ನ ತಪ್ಪಿಲ್ಲ. ತಮ್ಮ ದೂರದೂರಿನಲ್ಲಿದ್ದ, ಅವನ ಕಿವಿಗೆ ಏನೂ ಬೀಳಲಿಲ್ಲ. ಊರಿಗೆ ಬಂದ ಮೇಲೂ ಕಡಿಮೆ ಮಾತಿನ ಕರ್ನಲ್ಲನ ಎದುರು ಆ ವಿಷಯ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ವಯನಾಡು ಜಿಲ್ಲೆಯಾಯಿತು. ಎಂಬತ್ತರ ನವೆಂಬರಿನ ಒಂದು ಬೆಳಿಗ್ಗೆ, ನಾವಿನ್ನು ಕಣ್ಣೂರು ಜಿಲ್ಲೆಯವರಲ್ಲ ಎಂದರು. ಗದ್ದೆ ಇದ್ದಲ್ಲೇ ಇತ್ತು, ಜಿಗಣೆಗಳೂ ಇದ್ದಲ್ಲೇ ಇದ್ದವು, ಆದರೆ ಜನಕ್ಕೆ ಮಾತ್ರ ಎಲ್ಲಿಲ್ಲದ ಹುರುಪು. ಹೊಸ ಜಿಲ್ಲೆಯ ಮೊದಲ ಗಣರಾಜ್ಯೋತ್ಸವಕ್ಕೆ ನನ್ನ ತಮ್ಮನನ್ನು ಸನ್ಮಾನಿಸುವುದೆಂದು ಜಂಕ್ಷನ್ನಿನ ವಾಯನಶಾಲೆಯಲ್ಲಿ ಪೇಪರ್ ಓದುವವರೆಲ್ಲ ಸೇರಿ ತೀರ್ಮಾನಿಸಿದರು. ಅದರ ಕಾರ್ಯದರ್ಶಿ ಚಂದ್ರನ್ ಮಾಸ್ತರರು ಮನೆಗೇ ಬಂದು, ಪದಕಗಳ ಜೊತೆ ಸರ್ಕಾರ ಕೊಟ್ಟ ಇಂಗ್ಲಿಷ್ ಪ್ರಶಸ್ತಿ ಪತ್ರಗಳನ್ನು ಇಸಿದುಕೊಂಡರು. ಎರಡನ್ನೂ ಮಲಯಾಳಕ್ಕೆ ತಿರುಗಿಸಿ ವೇದಿಕೆಯ ಮೇಲೆ ಓದುತ್ತಾರಂತೆ.

ಅದನ್ನು ಓದಿದರೆ ಮುಗಿಯಿತು. ಒಂಬತ್ತು ವರ್ಷದ ಟ್ಯಾಂಕುಗಳು ಒಂದೇ ನಿಮಿಷದಲ್ಲಿ ಅಕ್ಕಿಚೀಲಗಳಾಗಿಬಿಡುತ್ತವೆ. ಗುರುಬಸಮ್ಮ ಸುಳ್ಳುಗಾತಿ ಎಂದು ನಾರಾಯಣಿ ಗಡಿಯ ಬಾವಲಿ ಊರಿನವರೆಗೆ ಸಾರಿಕೊಂಡು ಬರುತ್ತಾಳೆ. ಅದಾದರೂ ಹೋಗಲಿ, ಜನ ನನ್ನ ತಮ್ಮನನ್ನು ನೋಡಿ ನಗುತ್ತಾರಲ್ಲ. ಮಾಸ್ತರರ ಮನೆಗೆ ಒಂದು ಗೊನೆ ನೇಂದ್ರ ಬಾಳೆ ಕೊಟ್ಟು, ಎರಡನೆಯ ಪತ್ರ ಓದದಿದ್ದರೆ ಆಗದೇ ಎಂದು ಕೇಳಿದೆ. ಅವರು ಬಾಳೆಯ ಗೊನೆಯನ್ನು ಒಳಗಿಟ್ಟು ಬಂದು, "ಅಮ್ಮಾ, ಎರಡನೇದೇ ಚೆನ್ನಾಗಿ ಬಂದಿದೆ, ಆರು ದಿವಸ ಕೂತು ಬರೆದಿದ್ದೇನೆ," ಎಂದರು.

ಸನ್ಮಾನದ ದಿನ ಬೆಳಿಗ್ಗೆ ತಮ್ಮನ ಹತ್ತಿರವೇ ಹೋದೆ. ಅವನು ಕೋಟಿಗೆ ಬ್ರಶ್ ಹಾಕುತ್ತಿದ್ದ.

"ಲೋ ಮಲ್ಲಾ, ಬೆಳ್ಳೀದು ಒಂದೇ ಹಾಕ್ಕೊ ಸಾಕು. ಇನ್ನೊಂದರ ಪಟ್ಟಿ ಹುಳ ತಿಂದದೆ."

ಅವನು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. "ಎಲ್ಲಕ್ಕ? ಚೆನ್ನಾಗೇ ಅದಲ್ಲ."

"ಅಕ್ಕಿಬ್ಯಾಳೆ ಪದಕವ ಊರ ಮುಂದ್ಕೆ ಯಾಕ್ಲಾ ಹಾಕ್ಕೊಂಡ್ ಹೋದೀಯ?"

"ಒಂದೇ ಹಾಕ್ಕೊ ಅಂದ್ರೆ ನಾ ಹಾಕ್ಕೊಳ್ಳೋದು ಅದನ್ನೇ ಅಕ್ಕ," ಎಂದು ಮತ್ತೆ ಬ್ರಶ್ ಎತ್ತಿಕೊಂಡ. ಟ್ಯಾಂಕಿನ ಮಾತು ಎತ್ತದೆ ನಾನು ಪಾಯಸದ ಒಲೆ ನೋಡಲು ಹೋದೆ.

ಪಾಯಸದ ಎರಡು ಹಂಡೆಗಳನ್ನು ನಮ್ಮ ಎತ್ತಿನ ಗಾಡಿಯಲ್ಲೇ ಜಂಕ್ಷನ್ನಿಗೆ ಸಾಗಿಸಿದೆ. ಶಾಮಿಯಾನ ತುಂಬಿಹೋಗಿತ್ತು. ನಾರಾಯಣಿ ನನ್ನ ಪಕ್ಕದಲ್ಲೇ ಬಂದು ಕೂತಳು. ಮೈದುನನನ್ನು ವೆಳ್ಳಮುಂಡದಿಂದ ಕರೆಸಿಕೊಂಡಿದ್ದಳು. ಅವನು ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ.

ಮೊದಲ ಪತ್ರಕ್ಕೆ ಚಪ್ಪಾಳೆಯ ಮೇಲೆ ಚಪ್ಪಾಳೆ. ಮಾಸ್ತರರು ನೀರು ಕುಡಿದು ಎರಡನೆಯದನ್ನು ಬಿಚ್ಚಿದರು. ಹದಿನಾಲ್ಕು ದಿನ, ಮೂರು ಹೊಳೆಗಳ ಆಚೆಗಿದ್ದ ಮೂರು ಸಾವಿರ ಸೈನಿಕರಿಗೆ ಅಕ್ಕಿ, ಬೇಳೆ, ಮದ್ದುಗುಂಡು ಒಂದು ಹೊತ್ತೂ ತಪ್ಪದಂತೆ ಮುಟ್ಟಿಸುವ ಯೋಜನೆ ಮಾಡಿ ನಡೆಸಿದ್ದಕ್ಕಾಗಿ, ಎಂದು ಓದಿದರು. ಶಾಮಿಯಾನದಲ್ಲಿ ಗುಸುಗುಸು ಶುರುವಾಯಿತು. "ಟ್ಯಾಂಕೆಲ್ಲಿ?" ಎಂದು ಹಿಂದಿನಿಂದ ಯಾರೋ ಕೇಳಿದರು, ಒಂದಿಬ್ಬರು ನಕ್ಕರು. ನಾರಾಯಣಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಮಾಸ್ತರರು ಮಾತ್ರ ನಿಲ್ಲಿಸಲಿಲ್ಲ. "ಮಾತ್ರವಲ್ಲ, ಅಕ್ಕಿ ಇಳಿಸಿದ ದೋಣಿಗಳು ಒಂದೂ ಖಾಲಿಯಾಗಿ ಹಿಂದಿರುಗದಂತೆ ಏರ್ಪಾಟು ಮಾಡಿ, ಅದೇ ದೋಣಿಗಳಲ್ಲಿ ಇನ್ನೂರ ಹನ್ನೆರಡು ಮಂದಿ ಗಾಯಾಳುಗಳನ್ನು ಆಸ್ಪತ್ರೆಗೆ ತಲುಪಿಸಿದ್ದಕ್ಕಾಗಿ..."

ಮುಂದಿನ ಸಾಲಿನಲ್ಲಿ ಕೋಲು ಬಿದ್ದ ಸದ್ದಾಯಿತು. ಕುಮಾರನ್ ಎದ್ದು ನಿಂತಿದ್ದ.

"ಸಾರೇ, ಆ ಅಕ್ಕಿ ಬೇಯಿಸಿದವನು ನಾನು," ಎಂದ. "ನಾನಿದ್ದ ಒಂಬತ್ತು ದಿವಸವೂ ಬಂತು, ಒಂದು ದಿನ ತಪ್ಪಲಿಲ್ಲ. ಒಂಬತ್ತನೇ ದಿವಸ ಷೆಲ್ ಬಿತ್ತು. ದೋಣಿ ಬರೋದು ಒಂದು ಗಂಟೆ ತಡವಾಗಿದ್ರೂ ರಕ್ತ ಹೋಗಿ ಸಾಯ್ತಿದ್ದೆ ಅಂತ ಡಾಕ್ಟರ್ ಹೇಳಿದ್ರು. ಆ ದೋಣಿ ಕಳಿಸಿದ್ದು ಯಾರು ಅಂತ ಗೊತ್ತಿರಲಿಲ್ಲ. ಅತ್ತಿಗೆಯ ಪಕ್ಕದ ಮನೆಯ ನೀವೇ ಅಂತ ಇವತ್ತು ಗೊತ್ತಾಯ್ತು." ಹಾಗೆಂದು ಕೋಲಿಲ್ಲದೆಯೇ ಕುಂಟುಕಾಲನ್ನು ಸೆಟೆಸಿ ಒಂದು ಸೆಲ್ಯೂಟ್ ಹೊಡೆದ.

ನನ್ನ ತಮ್ಮ ಕುರ್ಚಿಯಿಂದೆದ್ದು ಅಷ್ಟೇ ನೆಟ್ಟಗೆ ನಿಂತು ತಿರುಗಿ ಸೆಲ್ಯೂಟ್ ಕೊಟ್ಟ. ಆಗ ಎದ್ದ ಚಪ್ಪಾಳೆ ಇದೆಯಲ್ಲ, ಬಾವಲಿ ಬಸ್ಸು ಹಾರ್ನ್ ಹೊಡೆದದ್ದೂ ಯಾರಿಗೂ ಕೇಳಿಸಲಿಲ್ಲ. ನಾರಾಯಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ಆಮೇಲೆ ತಮ್ಮ ಮೈಕಿನ ಮುಂದೆ ನಿಂತು ಅರ್ಧ ಮಲಯಾಳ, ಅರ್ಧ ನಮ್ಮ ಕನ್ನಡದಲ್ಲಿ ಮಾತಾಡಿದ.

"ಗುಂಡು ಹೊಡೆಯೋದ ಸೈನ್ಯ ಕಲಿಸ್ತು. ಎರಡನೇ ಪದಕದ ಕೆಲಸವ ಕಲಿಸ್ದೋಳು ನಮ್ಮಕ್ಕ. ಅಪ್ಪ ಸತ್ತಾಗ ಅವಳಿಗೆ ಹತ್ತೊಂಬತ್ತು. ನಾಟಿ ದಿನ ಗದ್ದೇಲಿ ಮೂವತ್ತು ಆಳು. ಪೈರು ಹೊತ್ಕೊಂಡ್ ಹೋದ ಗಾಡಿ ಬರಿದಾಗಿ ಬರಬಾರದು ಅನ್ನೋದು ಅವಳ ಕಾನೂನು. ಒಂದಿನ ನಾನು ಬರೀ ಗಾಡಿ ಹೊಡ್ಕೊಂಡು ಬಂದೆ. ಬೆನ್ನಿಗೆ ಎರಡು ಬುಟ್ಟು, ಹೋಗ್ಲಾ, ಏನಾರಾ ತುಂಬ್ಕೊಂಡ್ ಬಾ ಅಂತ ತಿರುಗಾ ಓಡಿಸಿದ್ಲು. ಹೋದ್ರೆ, ನಾಟಿ ಹಾಕ್ತಿದ್ದ ಬೊಮ್ಮಿ ಜ್ವರ ಬಂದು ಬದು ಮೇಲೆ ಜ್ಞಾನ ಇಲ್ದೆ ಬಿದ್ದವ್ಳೆ. ಅದೇ ಗಾಡೀಲಿ ಮಲಗಿಸ್ಕೊಂಡ್ ಬಂದೆ, ಬದುಕಿದ್ಲು. ಯುದ್ಧದಾಗೆ ಒಂದಿನ ಹೊಳೆ ದಡಕ್ಕೆ ಹೋಗಿ ನಿಂತು, ಖಾಲಿ ದೋಣಿ ವಾಪಸ್ ಬರೋದ ನೋಡಿದಾಗ ನನ್ನ ಬೆನ್ನು ಚುರುಗುಟ್ತು. ಅಷ್ಟೇ ನಾ ಮಾಡಿದ್ದು."

ಇಡೀ ಶಾಮಿಯಾನ ನನ್ನ ಕಡೆ ತಿರುಗಿತು. ಆ ಏಟು ನನಗೆ ಮರೆತೇಹೋಗಿತ್ತು. ಒಂಬತ್ತು ವರ್ಷ ನಾನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು ನಾಚಿಕೊಂಡದ್ದು ನನ್ನದೇ ಕೆಲಸಕ್ಕೆ. ಅಳು ಬಂತು, ನಗುವೂ ಬಂತು, ಯಾವುದನ್ನೂ ತಡೆಯಲಿಲ್ಲ. ತಲೆಯನ್ನಂತೂ ಎತ್ತಿಯೇ ಕೂತೆ.

ಸಭೆ ಮುಗಿದು ಪಾಯಸವೂ ತೀರಿತು. ಖಾಲಿ ಹಂಡೆಗಳನ್ನು ಗಾಡಿಯ ಒಂದು ಮೂಲೆಗೆ ಸರಿಸಿ ಕುಮಾರನ್‌ನನ್ನು ಕರೆದು ಹುಲ್ಲಿನ ಮೇಲೆ ಕೂರಿಸಿದೆ. ಚೇಚಿ ಎಂದು ನನ್ನನ್ನು ಅಕ್ಕನಂತೆ ಕರೆದು, ಬೇಡ, ನಡೆದೇ ಹೋಗುತ್ತೇನೆ ಎಂದವನ ಮಾತು ಕೇಳಲಿಲ್ಲ. ನಾರಾಯಣಿಯೂ ಹತ್ತಿದಳು. ತಮ್ಮ ಕೋಟಿನಲ್ಲೇ ಎತ್ತು ಹೊಡೆಯಲು ಕೂತ, ಎದೆಯ ಮೇಲೆ ಎರಡೂ ಪದಕ ಕುಲುಕುತ್ತಿದ್ದವು.

ಸ್ವಲ್ಪ ದೂರ ಹೋದ ಮೇಲೆ ನಾರಾಯಣಿ ನನ್ನ ಪಕ್ಕೆಗೆ ತಿವಿದಳು. "ಅಲ್ಲ ಚೇಚೀ, ಆ ಎರಡು ಟ್ಯಾಂಕ್ ಎಲ್ಲಿ ಹೋಯ್ತು?"

ಮುಂದೆ ಕೂತಿದ್ದ ತಮ್ಮ, "ಯಾವ ಟ್ಯಾಂಕಕ್ಕ?" ಎಂದು ತಿರುಗಿದ.

"ನೀ ದಾರಿ ನೋಡ್ಕೊಂಡ್ ಗಾಡಿ ಹೊಡಿಲಾ," ಎಂದೆ. ಆಮೇಲೆ ನಾರಾಯಣಿಗೆ ಹೇಳಿದೆ: "ಟ್ಯಾಂಕ್ ಯಾರ್ ಬೇಕಾರೂ ಒಡೀತಾರೆ, ಬುಡು."