ಐದು ಗಂಟೆಯೊಳಗಿನ ಉತ್ತರ

"ಇಲ್ಲಿ, ಈ ಗೆರೆ ಮೇಲೆ," ಎಂದು ಕಂಪನಿಯ ಎಂ.ಡಿ., ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರವಿ, ಗಾಳಿಗೆ ಹಾರದಂತೆ ಅದರ ಮೇಲೆ ಮೊಬೈಲು ಇಟ್ಟರು. ಮರಿ ಲಾಯರ್ ಪೆನ್ನಿನ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ನಿಂತಿದ್ದಳು. ಮನೆಯೊಳಗೆ ಅವಳ ಹಿರಿಯ ಸಾಹೇಬರ ಹೆಣವಿತ್ತು. ಹೆಣ ಒಯ್ಯುವ ಗಾಡಿ ಮೂರಕ್ಕೆ ಬರುವುದಿತ್ತು, ಈಗ ಎರಡೂಕಾಲು.

"ಇನ್ನೂ ಎತ್ತಿಲ್ಲ ಸಾರ್," ಎಂದಳು.

"ಗೊತ್ತಮ್ಮ, ನನಗೂ ಸಂಕಟಾನೇ. ಆದ್ರೆ ಪ್ರಾಧಿಕಾರದೋರು ಸಾವು ನೋವು ನೋಡ್ತಾರಾ? ಐದು ಗಂಟೆ ಅಂದ್ರೆ ಐದೇ ಗಂಟೆ."

ಸುರಕ್ಷತಾ ಪ್ರಾಧಿಕಾರದ ನೋಟಿಸು ಕೇಳಿದ್ದು ಒಂದೇ ಪ್ರಶ್ನೆ. ನೀವು ಮಾರಿದ ವಿದ್ಯುತ್ ಕೆಟಲ್‌ಗಳ ಹಿಡಿ ಕಳಚಿ ಜನ ಮೈ ಸುಟ್ಟುಕೊಳ್ಳುತ್ತಿರುವುದು ನಿಮಗೆ ಎಂದಿನಿಂದ ಗೊತ್ತು? ಟೈಪಾಗಿ ಬಂದಿದ್ದ ಉತ್ತರವೂ ಚಿಕ್ಕದೇ: ಈ ದೋಷ ಕಂಪನಿಗೆ ಇದುವರೆಗೆ ತಿಳಿದಿರಲಿಲ್ಲ. ಇಪ್ಪತ್ತಾರು ವರ್ಷ ಇಂಥ ಕಾಗದಗಳಿಗೆ ಸಹಿ ಹಾಕಿದವರು ಒಳಗೆ ಮಲಗಿದ್ದರು. ಕಂಪನಿಯ ಕಾನೂನು ವಿಭಾಗ ಅಂತ ಉಳಿದವಳು ಇವಳೊಬ್ಬಳೇ.

"ಒಂದ್ಸಲ ಮುಖ ನೋಡ್ಕೊಂಡು ಬರ್ತೀನಿ," ಎಂದು ಕಾಗದ ಮಡಿಚಿಕೊಂಡು ಒಳಗೆ ನಡೆದಳು.

*

ಆಫೀಸಿನಲ್ಲಿ ಸಾಹೇಬರಿಗೆ 'ತಡೀರಿ ಸಾರ್' ಎಂದೇ ಹೆಸರು. ಯಾರು ಯಾವ ಕಾಗದ ತಂದರೂ ಅವರ ಮೊದಲ ಮಾತು "ತಡೀರಿ." ಗೋದಾಮಿನ ಬಾಡಿಗೆ ಕೇಸು, ಡಬ್ಬಿಯ ಮೇಲೆ ತಪ್ಪು ಅಚ್ಚಾದ ಕೇಸು, ಕೆಲಸ ಬಿಟ್ಟು ಹೋದವನ ಕೇಸು, ಎಲ್ಲವನ್ನೂ ತಡೆದು ತಡೆದೇ ಗೆದ್ದ ಮಹಾನುಭಾವರು. ಕೋರ್ಟಿನಲ್ಲಿ ದೂರದ ದಿನಾಂಕ ಸಿಕ್ಕಿತೆಂದರೆ ಖುಷಿಗೆ ಎರಡು ಚೀಲ ತರಕಾರಿ ಕೊಂಡು ಮನೆಗೆ ಹೋಗುವರು. "ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅದೇ ನಮ್ಮ ಕಸುಬು, ತಿಳ್ಕೋ," ಎಂದು ಇವಳಿಗೆ ಪಾಠ ಬೇರೆ.

ಈ ಉತ್ತರ ಮೇಜಿಗೆ ಬಂದ ದಿನ ಮಾತ್ರ ಅವರು ತಡೀರಿ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಇದು ನಿಜಾನಾ ಸಾರ್?" ಎಂದು ಇವಳು ಕೇಳಿದಳು.

"ನಾಳೆ ಹೇಳ್ತೀನಮ್ಮ."

ಮರುದಿನವೂ ಹಾಗೇ ಅಂದರು. ಅದರ ಮರುದಿನ ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ.

*

ಹಾಲಿನಲ್ಲಿ ಜನ ಗೋಡೆಗುಂಟ ಕೂತಿದ್ದರು. ಬಾಗಿಲಲ್ಲೇ ಸಾಹೇಬರ ತಂಗಿ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಆ ಮೂಲೆಯೋಳನ್ನ ನೋಡಿ. ಬೆಳಗ್ಗೆ ಎಂಟಕ್ಕೇ ಬಂದಿದಾಳೆ. ನಮ್ಮ ಕಡೆಯೋಳಲ್ಲ, ನಿಮ್ಮ ಆಫೀಸಿನೋಳೂ ಅಲ್ಲ. ಅಣ್ಣ ಹೇಗೆ ಗೊತ್ತು ಅಂದ್ರೆ ಬಾಯಿಗೆ ಬೀಗ. ಅತ್ತಿಗೆ ಗಂಡನ್ನ ಬಿಟ್ಟು ಅವಳನ್ನೇ ನೋಡ್ತಿದಾರೆ. ನೀವು ಲಾಯರು, ನೀವೇ ಬಾಯಿ ಬಿಡಿಸಿ."

ಮರಿ ಲಾಯರ್ ಹೋಗಿ ಆ ಹೆಂಗಸಿನ ಪಕ್ಕ ಕೂತಳು. ನಲವತ್ತರ ಆಸುಪಾಸು, ಅತ್ತು ಊದಿದ ಕಣ್ಣು.

"ಸಾಹೇಬರು ನಿಮಗೆ ಹೇಗೆ ಪರಿಚಯ?"

"ಹೇಳೋ ಹಾಗಿಲ್ಲಮ್ಮ. ಸಹಿ ಹಾಕಿಕೊಟ್ಟಿದೀನಿ."

"ಯಾರಿಗೆ?"

"ಅದನ್ನೂ ಹೇಳೋ ಹಾಗಿಲ್ಲ."

ಬಾಯಿ ಕಟ್ಟುವ ಇಂಥ ಕಾಗದ ಬರೆಯುವವರು ಊರಲ್ಲಿ ಬಹಳ ಮಂದಿಯಿಲ್ಲ, ಸಾಹೇಬರು ಅವರಲ್ಲೊಬ್ಬರು. ಹೆಂಗಸು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಸೆರಗು ಜಾರಿದಾಗ, ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದು ಮುರುಟಿದ ಚರ್ಮ ಕಂಡಿತು.

"ಆಸ್ಪತ್ರೆಗೆ ವಾರವಾರ ಬರೋರು," ಎಂದಳು ಹೆಂಗಸು ತಾನಾಗಿಯೇ, ಮೆಲ್ಲಗೆ. "ಹೋಗೋವಾಗ ಬಾಗಿಲ ಹತ್ರ ನಿಂತು ಏನೋ ಹೇಳಕ್ಕೆ ಬಾಯಿ ತೆಗೆಯೋರು. ಹೇಳದೇನೇ ಹೋಗ್ಬಿಡೋರು."

*

"ಕೈ ಸುಟ್ಟ ಹೆಂಗಸೊಬ್ಬಳು ಒಳಗೆ ಕೂತಿದಾಳೆ. ಗೊತ್ತಿತ್ತಲ್ಲ ಸಾರ್ ನಿಮಗೆ," ಎಂದಳು ಅವಳು, ಮತ್ತೆ ಕಾರಿನ ಬಳಿ ಬಂದು.

ಎಂ.ಡಿ. ಇಲ್ಲ ಅನ್ನಲಿಲ್ಲ. "ನಿಮ್ಮ ಸಾಹೇಬರು ನನಗೆ ಬಾಯಿಮಾತಲ್ಲಿ ಹೇಳಿದ್ರು. ಆ ಹೆಂಗಸಿನ ಒಪ್ಪಂದಕ್ಕೆ ಸಹಿ ಇರೋದು ಅವರೊಬ್ಬರದೇ. ಗೊತ್ತಿತ್ತು ಅಂತ ನೀವು ಬರೆದ್ರೆ ನಾಳೆ ಪೇಪರಲ್ಲಿ ಬರೋದು ನಿಮ್ಮ ಗುರುಗಳ ಹೆಸರು. ಇನ್ನೂ ಬೂದಿ ಆರಿರಲ್ಲ. ಯೋಚನೆ ಮಾಡಿ."

ಅವಳಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ಬಾನೆಟ್ಟಿನ ಮೇಲೆ ಕಾಗದ ಬಿಡಿಸಿ ಪೆನ್ನು ಊರಿದಳು. ತನ್ನ ಹೆಸರಿನ ಮೊದಲ ಅಕ್ಷರ ಬರೆದೂ ಬಿಟ್ಟಳು. ಸಾಹೇಬರ ಮೇಲೆ ಅವಳಿಗಿದ್ದದ್ದು ಪ್ರೀತಿಯೇ, ಅದಕ್ಕೆ ಬೇರೆ ಹೆಸರಿಲ್ಲ. ತಲೆ ಎತ್ತಿದರೆ ಕಿಟಕಿಯಲ್ಲಿ ಸಾಹೇಬರ ಹೆಂಡತಿ. ಎದ್ದು ಬಂದು ಆ ಹೆಂಗಸಿನ ಮುಂದೆಯೇ ಕೂತು ಏನೋ ಕೇಳುತ್ತಿದ್ದರು. ಹೆಂಗಸು ತಲೆಯಾಡಿಸುತ್ತಿದ್ದಳು, ಅಷ್ಟೇ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಖ ನೋಡನೋಡುತ್ತಲೇ ಕಪ್ಪಿಟ್ಟಿತು.

ಮರಿ ಲಾಯರ್ ಕಾಗದ ಕಿತ್ತುಕೊಂಡು ಒಳಗೆ ಓಡಿದಳು.

"ಹೇಳಿಬಿಡಿ," ಎಂದಳು ಹೆಂಗಸಿಗೆ, ಎಲ್ಲರಿಗೂ ಕೇಳುವಂತೆ. "ಆ ಕಾಗದ ಬರೆಸಿಕೊಂಡ ಕಂಪನಿಯ ವಕೀಲೆ ನಾನು. ನಾನೇ ಹೇಳ್ತಿದೀನಿ, ನಿಮಗೆ ಏನೂ ಆಗಲ್ಲ."

ಹೆಂಗಸು ನಂಬದವಳಂತೆ ನೋಡಿದಳು. ಆಮೇಲೆ ಸೆರಗು ಸರಿಸಿ ಕೈ ಮುಂದೆ ಚಾಚಿದಳು. ಕೆಟಲ್ ಎತ್ತಿದಾಗ ಹಿಡಿ ಕಳಚಿದ್ದು, ಕುದಿನೀರು ಬಿದ್ದದ್ದು, ಸಾಹೇಬರು ಬಂದು ಪರಿಹಾರ ಕೊಟ್ಟು ಸಹಿ ಹಾಕಿಸಿಕೊಂಡದ್ದು, ನಾಲ್ಕು ಮಾತಿನಲ್ಲಿ ಮುಗಿಯಿತು.

ಸಾಹೇಬರ ಹೆಂಡತಿ ಆ ಕೈಯನ್ನೇ ನೋಡಿದರು. "ಯಾವಾಗ ಇದು?"

"ಒಂದೂವರೆ ವರ್ಷ ಆಯ್ತಕ್ಕ."

"ಆಗಲೇ ನಮ್ಮನೆ ಕೆಟಲ್ ತಗೊಂಡು ಹೋಗಿ ಕಸಕ್ಕೆ ಹಾಕಿ ಬಂದ್ರು," ಎಂದರು ಅವರು ನಿಧಾನವಾಗಿ. "ಹಳೇದಾಯ್ತು ಅಂದ್ರು. ಹೊಸದೇ ಇತ್ತು." ಮರಿ ಲಾಯರಿನ ಕಡೆ ತಿರುಗಿದರು. "ಇನ್ನೂ ಎಷ್ಟು ಮನೇಲಿದೆ ಅದು?"

"ಮೂವತ್ತೆಂಟು ಸಾವಿರ, ಅಮ್ಮ."

"ಬರಿ ಹಾಗಾದ್ರೆ. ಅವರ ಹೆಸರು ಸೇರಿಸೇ ಬರಿ."

ಹೊರಗೆ ಎಂ.ಡಿ. ಹಾರ್ನ್ ಒತ್ತಿದರು. ಮರಿ ಲಾಯರ್ ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ಟೈಪಾಗಿದ್ದ ಸಾಲನ್ನು ಹೊಡೆದುಹಾಕಿದಳು. ಅದರ ಕೆಳಗೆ ದೋಷ ಗೊತ್ತಾದ ತಿಂಗಳು, ವರ್ಷ ಬರೆದಳು, ಸಾಹೇಬರ ಹೆಸರು ಬರೆದಳು, ಎಂ.ಡಿ.ಯದೂ ಬರೆದಳು. ಒಂದೇ ಅಕ್ಷರಕ್ಕೆ ನಿಂತಿದ್ದ ತನ್ನ ಸಹಿಯನ್ನು ಪೂರ್ತಿ ಮಾಡಿದಳು.

ಅಷ್ಟರಲ್ಲಿ ತಂಗಿ ಅಣ್ಣನ ಹೆಣದ ಕಡೆ ತಿರುಗಿದರು. "ನಮ್ಮನೆಗೂ ನೀನೇ ಒಂದು ತಂದುಕೊಟ್ಟಿದ್ಯಲ್ಲೋ ಅಣ್ಣ," ಎಂದರು. ಎಂದವರೇ ಫೋನ್ ತೆಗೆದರು. "ಮಗಾ, ಆ ಕೆಟಲ್ ಮುಟ್ಟಬೇಡ. ವೈರ್ ಕಿತ್ತುಬಿಡು. ಈಗಲೇ." ಗೋಡೆಗುಂಟ ಕೂತಿದ್ದ ಆಫೀಸಿನವರು, ನೆಂಟರು, ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಎದ್ದರು. ಗಾಡಿಯವರು ಮೂರಕ್ಕೆ ಸರಿಯಾಗಿ ಬಂದು ಹೆಗಲು ಕೊಡಲು ನಾಲ್ಕು ಜನ ಬೇಕು ಎಂದು ಬಾಗಿಲಲ್ಲಿ ನಿಂತಾಗ, ಹೆಣದ ಸುತ್ತ ಯಾರೂ ಇರಲಿಲ್ಲ. ಎಲ್ಲರೂ ಅಂಗಳದಲ್ಲಿ, ಮೆಟ್ಟಿಲ ಮೇಲೆ, ಬೀದಿಯಲ್ಲಿ ಬೆನ್ನು ತಿರುಗಿಸಿ ನಿಂತು ಮನೆಗೆ ಫೋನ್ ಮಾಡುತ್ತಿದ್ದರು.