ಬಚ್ಚಲಲ್ಲಿ ಮಾತ್ರ ಮಡಚುವ ಮಂಡಿ

ಜಂಬಮ್ಮನ ಹೊಸ ಮಂಡಿ ಮಂಚದ ಮೇಲೆ ಮಡಚುತ್ತಿರಲಿಲ್ಲ, ಬಚ್ಚಲಲ್ಲಿ ಮಡಚುತ್ತಿತ್ತು. ಅದು ಯಾಕೆಂದು ಗಂಡ ಹಾಲಸ್ವಾಮಿಗೆ ತಿಳಿಯಬೇಕಾಗಿತ್ತು.

ಮಂಡಿ ಬದಲಿಸುವ ಆಪರೇಷನ್ ಮುಗಿಸಿ ಚಿತ್ತವಾಡ್ಗಿಯ ಮನೆಗೆ ಬಂದ ಮೇಲೆ ಹೊಲಿಗೆ ಬಿಚ್ಚಿ, ಗಾಯವೂ ಮಾಯ್ದಿತ್ತು. ಆದರೆ ವ್ಯಾಯಾಮ ಮಾಡಿಸಲು ಬರುವ ಶ್ರೀವಾಣಿ ಕಾಲು ಮುಟ್ಟಿದರೆ ಸಾಕು, ಜಂಬಮ್ಮ ತೊಲೆಯಂತೆ ಬಿಗಿದುಕೊಳ್ಳುತ್ತಿದ್ದಳು.

"ಸೋಮವಾರ ಡಾಕ್ಟ್ರು ನೋಡ್ತಾರ. ಇಷ್ಟೂ ಮಡಚಲಿಲ್ಲಂದ್ರ ಮತ್ತಿನ ಇಂಜೆಕ್ಷನ್ ಕೊಟ್ಟು ಅವರೇ ಮಡಚಬೇಕಾಗ್ತದ," ಎಂದಿದ್ದಳು ಶ್ರೀವಾಣಿ. ಮತ್ತೆ ಆಸ್ಪತ್ರೆ ಎಂದರೆ ಜಂಬಮ್ಮನ ಮುಖ ಬಿಳಿಚಿಕೊಳ್ಳುತ್ತಿತ್ತು. ಕಾಲು ಮಾತ್ರ ಜಗ್ಗುತ್ತಿರಲಿಲ್ಲ.

ಬಚ್ಚಲಿನ ಸುದ್ದಿ ತಂದವಳು ಸೊಸೆ ಸ್ಫೂರ್ತಿ. "ಮಾವಾ, ಸ್ನಾನಕ್ಕ ಕುಂತಾಗ ಅತ್ತಿ ತಾವೇ ಕಾಲು ಹಿಂದಕ್ಕ ಎಳಕೊಂತಾರ. ನಾ ನೋಡೀನಿ."

ಬಿಸಿನೀರಿನ ಗುಣವಿರಬಹುದೆಂದು ಹಾಲಸ್ವಾಮಿ ಬಿಸಿ ಬಟ್ಟೆ ತಂದು ಮಂಚದ ಮೇಲೆಯೇ ಶಾಖ ಕೊಟ್ಟ. ಮಂಡಿ ಮಡಚಲಿಲ್ಲ. ಕಿರಾಣಿ ಅಂಗಡಿಯಲ್ಲಿ ಕುಳಿತು ಬೇಳೆ ತೂಗುವಾಗಲೂ ಅದೇ ಯೋಚನೆ. ಕೊನೆಗೆ ಅವಳನ್ನೇ ಕೇಳಿದ.

"ನೋವಾಗ್ತದೇನ?"

"ಅಷ್ಟೇನಿಲ್ಲ."

"ಮತ್ತ?"

ಸಂಡೂರಿನ ಅದಿರು ಹೊತ್ತ ಲಾರಿಯೊಂದು ಕೆಂಪು ಧೂಳೆಬ್ಬಿಸಿ ಮನೆ ಮುಂದೆ ಹಾದುಹೋಯಿತು. "ಮೊದ್ಲು ಕಿಟಕಿ ಹಾಕ್ರಿ," ಎಂದಳು. ಹಾಕಿದ.

"ಡಾಕ್ಟ್ರು ಪ್ಲಾಸ್ಟಿಕ್ ಮಂಡಿ ತೋರಿಸಿದ್ರಲ್ಲ. ಚಾಚಿದಾಗ ಬಾಯಿ ಮುಚ್ಚಿತ್ತು. ಮಡಚಿದ ಕೂಡ್ಲೆ ಬಾಯಿ ತೆರಕೊಂತು. ಅದರಾಗ ಈ ಧೂಳು ಹೊಕ್ಕರ? ನಮ್ಮ ಗವಿಸಿದ್ದಪ್ಪನ ಲಾರಿ ಬೇರಿಂಗು ಹಿಡಕೊಂಡಂಗ ಹಿಡಕೊಂಡು ಕುಂದ್ರತೈತಿ. ಬಚ್ಚಲದಾಗಾದ್ರ ನೀರಿಗೆ ಧೂಳು ಏಳಂಗಿಲ್ಲ."

ಗವಿಸಿದ್ದಪ್ಪ ಮಗ. ಧೂಳಿಗೆ ಬೇರಿಂಗು ಹೋಯಿತೆಂದು ಆಗಾಗ ಊಟದ ಹೊತ್ತಿಗೆ ಗೊಣಗುತ್ತಿದ್ದ. ಹಾಲಸ್ವಾಮಿಗೆ ನಗು ಬಂತು, ತಡೆದುಕೊಂಡ.

"ಮ್ಯಾಲೆ ಚರ್ಮ ಐತಲ್ಲ."

"ಪೆಟ್ಟಿಗಿಗೆ ಕೀಲಿ ಹಾಕಿದ್ರೂ ಸೀರಿ ಮಡಿಕಿ ಕೆಂಪಗ ಆಗಿರ್ತಾವ. ಚರ್ಮ ಏನ್ ಪೆಟ್ಟಿಗಿಗಿಂತ ಗಟ್ಟಿ ಏನ್ರಿ?"

ಚರ್ಮ ಬೇರೆ, ಪೆಟ್ಟಿಗೆ ಬೇರೆ ಎಂದು ಅವನಿಗೆ ಗೊತ್ತಿತ್ತು. ಹೇಗೆ ಬೇರೆ ಎಂದು ಕೇಳಲು ಶ್ರೀವಾಣಿಗೆ ಫೋನು ಮಾಡಿದ. ಅವಳು ನಕ್ಕು, ಚರ್ಮದೊಳಗೆ ಧೂಳು ಹೋಗುವುದಿಲ್ಲ ಎಂದಳು. ಆ ಮಾತನ್ನು ಹೊತ್ತು ಒಳಗೆ ಬಂದ.

"ಆ ಹುಡುಗಿ ಎಮ್ಮಿಗನೂರಾಕಿ," ಎಂದಳು ಜಂಬಮ್ಮ. "ಭತ್ತದ ಊರು. ನಮ್ಮ ಧೂಳು ಆಕೀಗೇನು ಗೊತ್ತು?"

ಹಾಲಸ್ವಾಮಿ ವಾದ ಬಿಟ್ಟ. ಅಂಗಡಿಯ ಕುರ್ಚಿಯನ್ನು ಬಚ್ಚಲಲ್ಲಿಟ್ಟು, ಗವಾಕ್ಷಿಗೆ ಗೋಣಿಚೀಲ ತುರುಕಿ, ಗೋಡೆಗೆಲ್ಲ ನೀರು ಎರಚಿದ. ಶ್ರೀವಾಣಿ ಬಂದಾಗ, "ಇಲ್ಲೇ ಬರ್ರಿ, ಚಪ್ಪಲಿ ಹೊರಗ ಬಿಡ್ರಿ," ಎಂದು ಒಳಗೆ ಕಳಿಸಿ ಹೊರಗಿನಿಂದ ಬಾಗಿಲು ಎಳೆದುಕೊಂಡ. ಹೊರಗೆ ನಿಂತವನಿಗೆ ಜಂಬಮ್ಮನ ನರಳಾಟ ಕೇಳಿತು, ಹಿಂದೆಯೇ ಶ್ರೀವಾಣಿಯ ದನಿ: "ಹಂಗ, ಅಮ್ಮಾ, ಇನ್ನೊಂಚೂರು." ಅಂದಿನಿಂದ ವ್ಯಾಯಾಮವೆಲ್ಲ ಅಲ್ಲಿಯೇ.

ಸೋಮವಾರ ಡಾಕ್ಟರ ಕೋಣೆಗೆ ಹೋದವಳೇ ಜಂಬಮ್ಮ ಕಿಟಕಿ ನೋಡಿದಳು. ಗಾಜು ಮುಚ್ಚಿತ್ತು, ಏಸಿ ಓಡುತ್ತಿತ್ತು. ಹಲ್ಲು ಕಚ್ಚಿ ಹಿಮ್ಮಡಿಯನ್ನು ಹಿಂದಕ್ಕೆಳೆದಳು.

"ಭಾಳ ಚಲೋ," ಎಂದರು ಡಾಕ್ಟರು. "ಮತ್ತು ಕೊಡೋದು ಬ್ಯಾಡ. ಮನ್ಯಾಗ ಹೆಂಗ ಮಾಡ್ತಿದ್ರಿ?"

"ಬಾಗಿಲು ಹಾಕ್ಕೊಂಡು, ಸಾಹೇಬ್ರ."

ಡಾಕ್ಟರು ಹಾಲಸ್ವಾಮಿಯ ಕಡೆ ನೋಡಿದರು. ಅವನು ನೆಲ ನೋಡಿದ.

ಹೊರಗೆ ರಸ್ತೆಯ ತುಂಬ ಲಾರಿಗಳು. ಜಂಬಮ್ಮ ಆಟೋದಲ್ಲಿ ಅಡ್ಡಲಾಗಿ ಕುಳಿತು, ಕಾಲನ್ನು ನೆಟ್ಟಗೆ ಚಾಚಿ ಗಂಡನ ತೊಡೆಯ ಮೇಲಿಟ್ಟಳು. ಚಿತ್ತವಾಡ್ಗಿ ಮುಟ್ಟುವವರೆಗೂ ಅವನು ಆ ಮಂಡಿಯ ಮೇಲೆ ತನ್ನ ಟವೆಲು ಮುಚ್ಚಿ ಎರಡೂ ಕೈಯಿಂದ ಒತ್ತಿ ಹಿಡಿದಿದ್ದ.