ಅಕ್ಕನ ಪರವಾಗಿ

ಯಶೋದೆಗೆ ಮೂರನೇ ವರ್ಷದಲ್ಲಿ ಮಿದುಳು ಜ್ವರ ಬಂದು ಎರಡೂ ಕಿವಿ ಹೋದವು. ಮರುವರ್ಷ ದೀಪಶ್ರೀ ಹುಟ್ಟಿದಳು. ಕೂಸನ್ನು ನೋಡಲು ಬಂದವರಿಗೆಲ್ಲ ತಾಯಿ ಸಾವಿತ್ರಮ್ಮ, “ದೊಡ್ಡೋಳಿಗೆ ಕಿವಿಯಾಗ್ಲಿ ಅಂತ್ಲೇ ದೇವ್ರು ಇದನ್ನ ಕೊಟ್ಟವ್ನೆ ಕಣ್ರೀ” ಎಂದು ಹೇಳುತ್ತಿದ್ದರಂತೆ.

ಹಾಗೆಯೇ ಆಯಿತು. ಬಾಯಲ್ಲಿ ಮಾತು ಬರುವ ಮೊದಲೇ ದೀಪಶ್ರೀಯ ಕೈಗೆ ಮಾತು ಬಂತು. ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಪಕ್ಕ ಅಪ್ಪ ಸಿದ್ದಲಿಂಗೇಶರ ಗೊಬ್ಬರದ ಅಂಗಡಿ. ಅಕ್ಕತಂಗಿಯರಿಬ್ಬರೂ ಯೂರಿಯಾ ಮೂಟೆಗಳ ಮೇಲೆ ಕೂತು, ಬಂದ ಗಿರಾಕಿಗಳನ್ನು ಅವರ ಎದುರೇ ಕೈಯಲ್ಲಿ ಆಡಿಕೊಂಡು ನಗುತ್ತಿದ್ದರು. ಮುಂದೆ ಯಶೋದೆ ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದಿದಳು. ಅಲ್ಲಿ ಸರಿಯಾದ ಸಂಜ್ಞೆ ಭಾಷೆ ಕಲಿತು, ರಜಕ್ಕೆ ಬಂದಾಗ ತಂಗಿಗೂ ಕಲಿಸಿದಳು. ಬ್ಯಾಂಕು, ಆಸ್ಪತ್ರೆ, ನೆಂಟರ ಮನೆ, ಎಲ್ಲಿಗೆ ಹೋದರೂ ದೀಪಶ್ರೀ ಪಕ್ಕದಲ್ಲಿರುತ್ತಿದ್ದಳು. ಯಾರೋ ಮಾತಾಡುತ್ತಿದ್ದರೆ ಯಶೋದೆ ಅವರ ಮುಖ ನೋಡುತ್ತಿರಲಿಲ್ಲ, ತಂಗಿಯ ಕೈ ನೋಡುತ್ತಿದ್ದಳು. ಆ ಕೈ ಹೇಳಿದ್ದು ನಿಜವೋ ಸುಳ್ಳೋ ಎಂಬ ಯೋಚನೆಯೇ ಅವಳಿಗೆ ಎಂದೂ ಬಂದಿರಲಿಲ್ಲ.

ಓದು ಮುಗಿಸಿ ಯಶೋದೆ, ಊರಿನಿಂದಲೇ ಓಡಾಡುವ ಹಾಗೆ, ಕಡೂರಿನಲ್ಲಿ ಕಿವುಡು ಮಕ್ಕಳ ವಸತಿ ಶಾಲೆಯೊಂದಕ್ಕೆ ಟೀಚರಾಗಿ ಸೇರಿದಳು. ಅಲ್ಲಿ ಪ್ರತಿ ವರ್ಷ ಒಂದೇ ಗೋಳು. ದಸರಾ ರಜಕ್ಕೆ ಊರಿಗೆ ಹೋದ ಮಕ್ಕಳು ಕಲಿತದ್ದರಲ್ಲಿ ಅರ್ಧ ಮರೆತು ಬರುತ್ತಿದ್ದವು. ಮನೆಯಲ್ಲಿ ಅವರೊಡನೆ ಕೈಯಲ್ಲಿ ಮಾತಾಡುವವರೇ ಇರಲಿಲ್ಲ. ಯಾರೋ ಪುಣ್ಯಾತ್ಮರು ಶಾಲೆಗೆ ಕೊಟ್ಟ ಟ್ಯಾಬ್‌ಗಳು ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದವು. ಯಶೋದೆ ಒಂದು ಭಾನುವಾರ ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿಟ್ಟು, ಅದರ ಮುಂದೆ ನಿಂತು ಏಳನೇ ಕ್ಲಾಸಿನ ವಿಜ್ಞಾನದ ಒಂದು ಪಾಠ ಹೇಳಿ ವಿಡಿಯೋ ಮಾಡಿದಳು. ದ್ಯುತಿಸಂಶ್ಲೇಷಣೆ ಎಂಬ ಪದಕ್ಕೆ ಅವಳೇ ಒಂದು ಸಂಜ್ಞೆ ಕಟ್ಟಿದಳು: ಎಡಗೈ ಎಲೆಯಾಗಿ ಅರಳುತ್ತದೆ, ಬಲಗೈ ಬೆರಳುಗಳು ಬಿಸಿಲಾಗಿ ಅದರ ಮೇಲೆ ಇಳಿಯುತ್ತವೆ, ಎಲೆ ತಾನೇ ಅಡುಗೆ ಮಾಡಿಕೊಂಡು ತುತ್ತನ್ನು ಬಾಯಿಗಿಡುತ್ತದೆ.

ಮಕ್ಕಳು ಟ್ಯಾಬ್ ಹಿಡಿದು ಊರಿಗೆ ಹೋದವು. ಲಿಂಗದಹಳ್ಳಿಯ ಕೋಮಲಾ ರಜ ಮುಗಿಸಿ ಬಂದವಳೇ, ತನ್ನ ಅಜ್ಜಿ ತಿಪ್ಪಮ್ಮನೂ ಪಕ್ಕದಲ್ಲಿ ಕೂತು ನೋಡಿದಳೆಂದೂ, ‘ನೀರು’, ‘ಬಿಸಿಲು’, ‘ಉಪ್ಪು’ ಎಲ್ಲ ಅಜ್ಜಿಗೆ ಈಗ ಬರುತ್ತದೆಂದೂ ಹೇಳಿದಳು. “ಸಾರಿಗೆ ಉಪ್ಪು ಕಮ್ಮಿ ಅಂದೆ ಟೀಚರ್. ಅಜ್ಜಿ ತಂದು ಹಾಕಿದ್ಲು!” ಎನ್ನುವಾಗ ಆ ಹುಡುಗಿಯ ಕೈ ನಿಲ್ಲುತ್ತಲೇ ಇರಲಿಲ್ಲ. ಯಶೋದೆ ಆ ವರ್ಷವೆಲ್ಲ ಭಾನುವಾರ ಬಿಡದೆ ಪಾಠಗಳನ್ನು ಮಾಡಿದಳು. ಮಕ್ಕಳಿಗೆ ತಿಳಿಯದಿದ್ದಲ್ಲಿ ಅಳಿಸಿ ಮತ್ತೆ ಮಾಡಿದಳು.

ಸುದ್ದಿ ತರೀಕೆರೆಯ ಒಂದು ಟ್ರಸ್ಟಿಗೆ ಮುಟ್ಟಿತು. ಅದರ ಕಾರ್ಯದರ್ಶಿ ರಘುನಾಥ್ ಶಾಲೆಗೇ ಬಂದರು. ಅವರಿಗೆ ಸಂಜ್ಞೆ ಬಾರದು. ದೀಪಶ್ರೀ ನಡುವೆ ಕೂತಳು. ಟ್ರಸ್ಟಿನ ಹುಡುಗನೊಬ್ಬ ಅವರ ಪೇಜಿಗೆ ಹಾಕಲೆಂದು ಮಾತುಕತೆಯನ್ನೆಲ್ಲ ವಿಡಿಯೋ ಮಾಡುತ್ತಿದ್ದ.

“ನಿನ್ನ ಪಾಠಗಳನ್ನ ಒಳ್ಳೆ ಕ್ಯಾಮೆರಾದಲ್ಲಿ ಮತ್ತೆ ತೆಗೀತಾರಂತೆ. ಒಂದು ಆ್ಯಪ್ ಮಾಡಿ ಎಲ್ಲಾ ಜಿಲ್ಲೆಗೂ ಕೊಡ್ತಾರಂತೆ” ಎಂದು ದೀಪಶ್ರೀ ಕೈಯಲ್ಲಿ ಹೇಳಿದಳು.

ಯಶೋದೆ ಎರಡೇ ವಿಷಯ ಕೇಳಿದಳು. “ನನ್ನ ಮುಖ ಚೆನ್ನಾಗಿ ಕಾಣಬೇಕು ಅಂತ ಹೇಳು. ಹುಬ್ಬು ಏರಿಸಿದ್ರೆ ಪ್ರಶ್ನೆ, ಇಳಿಸಿದ್ರೆ ಉತ್ತರ. ಮುಖ ಇಲ್ದಿದ್ರೆ ಬರೀ ಕೈಯಿಂದ ಮಕ್ಕಳಿಗೆ ಏನೂ ಗೊತ್ತಾಗಲ್ಲ. ಮತ್ತೆ, ಮಕ್ಕಳಿಗೆ ತಿಳೀದೇ ಇರೋದನ್ನ ನಾನು ಪ್ರತಿ ವರ್ಷ ತಿದ್ದಬೇಕು.”

ದೀಪಶ್ರೀ ರಘುನಾಥರತ್ತ ತಿರುಗಿ ಮಾತಾಡಿದಳು. ಅವರು ತಲೆಯಾಡಿಸಿದರು. ಏನೋ ಕೇಳಿದರು. ಅವಳು ಮತ್ತೆ ಬಹಳ ಹೊತ್ತು ಮಾತಾಡಿದಳು. ಕೊನೆಗೆ ಅಕ್ಕನ ಕಡೆ ತಿರುಗಿ, “ಎರಡಕ್ಕೂ ಒಪ್ಪಿದ್ರು” ಎಂದಳು.

ತರೀಕೆರೆಯಲ್ಲಿ ಚಿತ್ರೀಕರಣ ನಡೆಯಿತು. ಕಪ್ಪು ಬಟ್ಟೆ ತೊಡಿಸಿ, ಬೆರಳಿನ ಪ್ರತಿ ಗೆಣ್ಣಿಗೂ ಬಿಳಿ ಚುಕ್ಕೆ ಅಂಟಿಸಿದರು. ಇದೆಲ್ಲ ಯಾಕೆ ಎಂದು ಕೇಳಿದ್ದಕ್ಕೆ ದೀಪಶ್ರೀ, “ಕೈ ಸ್ಪಷ್ಟವಾಗಿ ಕಾಣ್ಲಿ ಅಂತ ಅಕ್ಕಾ” ಎಂದಳು. ಯಶೋದೆ ಒಪ್ಪಿಕೊಂಡು ಬೆಳಗಿನಿಂದ ಸಂಜೆಯವರೆಗೆ, ತೋಳು ಸೋತು ಬೀಳುವ ತನಕ ಪಾಠ ಹೇಳಿದಳು.

ಉದ್ಘಾಟನೆಯ ದಿನ ಶಾಲೆಯ ಮಕ್ಕಳನ್ನೆಲ್ಲ ಬಸ್ಸು ಮಾಡಿ ತರೀಕೆರೆಯ ಸಭಾಭವನಕ್ಕೆ ಕರೆತಂದರು. ಯಶೋದೆ ಮಕ್ಕಳ ಜೊತೆ ಕೆಳಗೆ ಕೂತಳು. ದೀಪಶ್ರೀ ವೇದಿಕೆಯ ಮೇಲಿದ್ದಳು. ಹೊಸ ಸೀರೆ, ಎದೆಗೆ ಬ್ಯಾಡ್ಜು. ಅದರ ಮೇಲೆ ‘ಸಂಯೋಜಕಿ’ ಎಂದು ಬರೆದಿತ್ತು. ಅನುವಾದ ಮಾಡಲಿಕ್ಕೆ ನಿಂತಿರಬೇಕು ಎಂದುಕೊಂಡಳು ಯಶೋದೆ.

ಪರದೆ ಬೆಳಗಿತು. ಅದರ ಮೇಲೆ ಬಂದದ್ದು ಒಂದು ಬೊಂಬೆ. ಕಂಪ್ಯೂಟರಿನಲ್ಲಿ ಮಾಡಿದ, ದುಂಡು ಮುಖದ, ನೀಲಿ ಲಂಗ ತೊಟ್ಟ ಹುಡುಗಿ ಬೊಂಬೆ. ಅದು ಎಡಗೈಯನ್ನು ಎಲೆಯಾಗಿ ಅರಳಿಸಿತು, ಬಲಗೈಯಿಂದ ಬಿಸಿಲು ಇಳಿಸಿತು, ತುತ್ತನ್ನು ಬಾಯಿಗಿಟ್ಟಿತು. ತುತ್ತು ಹಿಡಿಯುವಾಗ ಅದರ ತೋರುಬೆರಳು ಪೂರ್ತಿ ಮಡಚಲಿಲ್ಲ.

ಯಶೋದೆ ತನ್ನ ಬಲಗೈ ನೋಡಿಕೊಂಡಳು. ಚಿಕ್ಕಂದಿನಲ್ಲಿ ಅಂಗಡಿಯ ಶಟರಿಗೆ ಸಿಕ್ಕಿದ್ದ ಆ ತೋರುಬೆರಳು ಅಂದಿನಿಂದ ಪೂರ್ತಿ ಮಡಚುತ್ತಿರಲಿಲ್ಲ. ಗೆಣ್ಣಿಗೆಲ್ಲ ಬಿಳಿ ಚುಕ್ಕೆ ಅಂಟಿಸಿದ್ದು ಇದಕ್ಕೇ; ಬೊಂಬೆಯ ಮೈಯಲ್ಲಿ ಆಡುತ್ತಿದ್ದುದು ಅವಳದೇ ಕೈ. ಮುಖ ಮಾತ್ರ ಯಾರದೂ ಅಲ್ಲ. ಹುಬ್ಬು ಏರಲಿಲ್ಲ, ಇಳಿಯಲಿಲ್ಲ, ಒಂದೇ ನಗೆ ಮೆತ್ತಿಕೊಂಡು ಕೂತಿತ್ತು.

ಕೋಮಲಾ ಅವಳ ತೋಳು ತಟ್ಟಿ, “ಟೀಚರ್, ಇವಳು ಕೇಳ್ತಾ ಇದಾಳಾ, ಹೇಳ್ತಾ ಇದಾಳಾ?” ಎಂದಳು. ಪಕ್ಕದ ಮಕ್ಕಳೂ ಅದನ್ನೇ ಕೇಳಿದವು.

ಯಶೋದೆ ಎದ್ದು ನಿಂತು ವೇದಿಕೆಯತ್ತ ಕೈಯೆತ್ತಿದಳು. “ನಾನೆಲ್ಲಿ? ನನ್ನ ಮುಖ ಎಲ್ಲಿ?” ದೀಪಶ್ರೀ ಸೊಂಟದ ಹತ್ತಿರ, ಯಾರಿಗೂ ಕಾಣದ ಹಾಗೆ ಎರಡು ಬೆರಳಾಡಿಸಿ “ಆಮೇಲೆ” ಎಂದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಯಾರೋ ಅವಳ ಕೈಗೆ ಹೂವಿನ ಗುಚ್ಛ ಕೊಟ್ಟರು. ದೀಪಶ್ರೀ ಆ ಗುಚ್ಛದ ಹಿಂದೆ ಮುಖ ಮುಚ್ಚಿಕೊಂಡಂತೆ ನಿಂತಳು.

ಮಕ್ಕಳನ್ನು ಕಡೂರಿಗೆ ಬಿಟ್ಟ ಮೇಲೆ, ಅಜ್ಜಂಪುರದ ಬಸ್ಸಿನಲ್ಲಿ ಕೂತು ಯಶೋದೆ ಟ್ರಸ್ಟಿನ ಪೇಜು ತೆರೆದಳು. ಮೊದಲ ದಿನದ ಮಾತುಕತೆಯ ವಿಡಿಯೋ ಅಲ್ಲಿತ್ತು. ತಾನಿದ್ದ ಮಾತುಕತೆಯಲ್ಲವೇ ಎಂದು ಅವಳು ಅದನ್ನು ಎಂದೂ ನೋಡಿರಲಿಲ್ಲ. ಮಾತನ್ನು ಅಕ್ಷರ ಮಾಡಿ ತೋರಿಸುವ ಸೌಲಭ್ಯ ಅವಳ ಫೋನಿನಲ್ಲಿತ್ತು; ತಂಗಿ ಜೊತೆಗಿರುವಾಗ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಅದನ್ನು ಹಾಕಿ ವಿಡಿಯೋ ಓಡಿಸಿದಳು.

ತನ್ನ ಕೈ ‘ಮುಖ’ ಎಂದು ಹೇಳುವುದು ಕಂಡಿತು. ದೀಪಶ್ರೀಯ ಬಾಯಿ ಆಡಿತು. ಕೆಳಗೆ ಅಕ್ಷರ ಮೂಡಿತು: “ಅಕ್ಕಿಗೆ ಮುಖ ತೋರಿಸೋದು ಇಷ್ಟ ಇಲ್ಲ ಸರ್ ಕೈ ಇದ್ರೆ ಸಾಕಂತೆ.”

ಅಕ್ಕಿ ಎಂಬುದನ್ನು ಓದಿ ಯಶೋದೆಗೆ ಒಂದು ಕ್ಷಣ ನಗು ಬಂತು. ಫೋನು ಆಗಾಗ ಹೀಗೆ ತಪ್ಪು ಬರೆಯುತ್ತಿತ್ತು. ಅದು ಅಕ್ಕಿಯಲ್ಲ, ‘ಅಕ್ಕಂಗೆ’ ಎಂದು ತಿಳಿದಾಗ ನಗು ನಿಂತಿತು.

ರಘುನಾಥ್ ಕೇಳಿದ್ದೂ ಮೂಡಿತು: “ಹಾಗಾದ್ರೆ ಇವರ ಕೈ ತಗೊಂಡು ಒಂದು ಬೊಂಬೆ ಮಾಡಿಸೋಣ. ಮುಂದೆ ತಿದ್ದೋದಿದ್ರೆ ಅವರನ್ನೇ ಕರೀಬೇಕಾ?” ದೀಪಶ್ರೀ ಹೇಳಿದ್ದೂ ಮೂಡಿತು: “ಬೇಡ ಸರ್ ಒಂದ್ಸಲ ಬೊಂಬೆ ಆದ್ಮೇಲೆ ಅವಳ ಅಗತ್ಯ ಬೀಳಲ್ಲ. ಮುಂದಿಂದೆಲ್ಲ ನಾನೇ ನೋಡ್ಕೋತೀನಿ. ಅವಳಿಗೆ ಇದೆಲ್ಲ ತಲೆಗೆ ಹೋಗಲ್ಲ. ನಾನು ಹೇಳಿದ್ದಕ್ಕೆ ಹೂಂ ಅಂತಾಳೆ ಅಷ್ಟೇ.”

ವಿಡಿಯೋದಲ್ಲಿ, ತಂಗಿಯ ಪಕ್ಕದಲ್ಲಿ ಕೂತ ಯಶೋದೆ ಆ ಮಾತಿಗೆ ಸರಿಯಾಗಿ ತಲೆಯಾಡಿಸುತ್ತಿದ್ದಳು. ನಗುನಗುತ್ತಾ ಹೂಂ ಎನ್ನುತ್ತಿದ್ದಳು. ತನ್ನ ಆ ನಗುವನ್ನು ನೋಡಲಾರದೆ ಅವಳು ಫೋನು ಮಗುಚಿಟ್ಟಳು. ಊರು ಬರುವವರೆಗೂ ಕಿಟಕಿಯಾಚೆಯ ತೆಂಗಿನ ತೋಟಗಳು, ಈರುಳ್ಳಿ ಹೊಲಗಳು ಸರಿದು ಹೋದವು. ಒಂದೂ ಅವಳ ಕಣ್ಣಿಗೆ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ದೀಪಶ್ರೀ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಯಶೋದೆ ಹತ್ತಿ ಹೋಗಿ ವಿಡಿಯೋ ಹಿಡಿದಳು. ಅಕ್ಷರಗಳು ಮೂಡುತ್ತಾ ಹೋದಂತೆ ದೀಪಶ್ರೀಯ ಕೈಯಲ್ಲಿದ್ದ ಒದ್ದೆ ಟವೆಲು ತೊಟ್ಟಿಕ್ಕುತ್ತಲೇ ಇತ್ತು.

“ಇದು ಸರಿಯಾಗಿ ಬರೆಯಲ್ಲ ಅಕ್ಕಾ. ಅಕ್ಕಿ ಗಿಕ್ಕಿ ಅಂತ ಬರೆದದೆ ನೋಡು” ಎಂದಳು ಮೊದಲು, ಇನ್ನೊಂದು ಕೈಯಲ್ಲೇ.

“ಸುಳ್ಳು ಹೇಳ್ಬೇಡ. ನೀನು ಹಿಂಗೆ ಹೇಳಿದ್ಯೋ ಇಲ್ವೋ?”

ದೀಪಶ್ರೀ ಟವೆಲನ್ನು ಹಗ್ಗದ ಮೇಲೆ ಎಸೆದಳು. ಎರಡೂ ಕೈ ಬಿಡುವಾದವು. ಮಾತು ಒಮ್ಮೆಗೇ ನುಗ್ಗಿತು.

“ಹೇಳ್ದೆ. ಹುಟ್ಟಿದಾಗಿಂದ ನಿನ್ನ ಮಾತೇ ಹೇಳಿದೀನಿ ನಾನು. ಎಲ್ಲರೂ ನನ್ನ ಮುಖ ನೋಡಿ ನಿನ್ನ ಸುದ್ದಿ ಕೇಳ್ತಾರೆ. ಶಿವಮೊಗ್ಗದಲ್ಲಿ ಬಿ.ಎಡ್ ಸೀಟು ಸಿಕ್ಕಿತ್ತು ನಂಗೆ. ನೀನು ಆಗ ತಾನೇ ಕಡೂರಿಗೆ ಸೇರಿದ್ದೆ. ಅಕ್ಕನ ಜೊತೆ ಯಾರಿರ್ತಾರೆ ಅಂತ ಅಮ್ಮ ಕಳಿಸ್ಲಿಲ್ಲ. ನೀನು ಒಂದು ಮಾತು ಕೇಳಿದ್ಯಾ?”

“ನಂಗೆ ಗೊತ್ತೇ ಇರ್ಲಿಲ್ಲ ಕಣೇ. ಯಾರು ಹೇಳಿದ್ರು ನಂಗೆ? ನಂಗೆ ಹೇಳೋಳು ನೀನೊಬ್ಳೇ. ನೀನೇ ಹೇಳ್ಲಿಲ್ಲ.”

ದೀಪಶ್ರೀ ಹಗ್ಗದ ಮೇಲಿನ ಟವೆಲನ್ನು ಎಳೆದು ಸರಿಮಾಡಿದಳು.

“ಕೆಲಸ ಬೇಕು ಅಂದಿದ್ರೆ ನಾನೇ ಕೇಳ್ತಿದ್ದೆ ಅವರನ್ನ. ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಹಾಕಿಸ್ತಿದ್ದೆ” ಎನ್ನುವಾಗ ಯಶೋದೆಯ ಸಂಜ್ಞೆಗಳು ಒಂದಕ್ಕೊಂದು ತೊಡರಿದವು. “ನಿಂದೇ ಬಾಯಲ್ಲಿ ನಿಂಗೆ ಬೇಕಾದ್ದು ಕೇಳ್ಕೋಬೋದಿತ್ತು. ನನ್ನ ಮಾತು ಅಂತ ಯಾಕೆ ಹೇಳ್ದೆ?”

ಅಷ್ಟರಲ್ಲಿ ಸಾವಿತ್ರಮ್ಮ ಮೆಟ್ಟಿಲು ಹತ್ತಿ ಬಂದರು. ಮಕ್ಕಳ ಕೈ ಇಷ್ಟು ಜೋರಾಗಿ ಆಡುತ್ತಿದ್ದುದನ್ನು ಕಂಡು ಗಾಬರಿಯಾಗಿ ಚಿಕ್ಕವಳನ್ನು ಏನೋ ಕೇಳಿದರು. ದೀಪಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕು ಉತ್ತರ ಕೊಟ್ಟಳು.

ಯಶೋದೆ ಕಟ್ಟೆಯ ಮೇಲೆ ಇಟ್ಟಿದ್ದ ಫೋನು ಹಾಗೆಯೇ ತೆರೆದಿತ್ತು. ಅದು ತನ್ನ ಪಾಡಿಗೆ ತಾನು ಕೇಳಿದ್ದನ್ನು ಬರೆಯುತ್ತಿತ್ತು.

“ಏನಂತೆ ಅವಳದು?”

“ಏನಿಲ್ಲಮ್ಮ. ಫಂಕ್ಷನ್ ಚೆನ್ನಾಗಾಯ್ತು ಅಂತಿದಾಳೆ. ಸುಸ್ತಾಗಿದ್ಯಂತೆ, ಕಾಫಿ ಬೇಕಂತೆ.”

ಯಶೋದೆ ಅದನ್ನು ಓದಿದಳು. ತಲೆಯೆತ್ತಿ ತಂಗಿಯನ್ನು ನೋಡಿದಳು. ಏನಾಯಿತೆಂಬುದು ದೀಪಶ್ರೀಗೆ ಆಗ ತಿಳಿದು ಅವಳ ಮುಖ ಬಿಳಿಚಿಕೊಂಡಿತು. ತರೀಕೆರೆಯ ಬೊಂಬೆಯ ವಿಷಯದಲ್ಲಿ ಆಸೆ ಇತ್ತು, ಹೊಟ್ಟೆಕಿಚ್ಚಿತ್ತು ಎನ್ನಬಹುದು. ಈ ಸುಳ್ಳು ಹಾಗಲ್ಲ. ಅದು ಎಷ್ಟು ಸಲೀಸಾಗಿ, ಉಸಿರಾಡಿದಷ್ಟು ಸುಲಭವಾಗಿ ಬಂದಿತ್ತು! ಹೀಗೆ ಇನ್ನೆಷ್ಟು? ಡಾಕ್ಟರು ಹೇಳಿದ್ದು, ಮೈಸೂರಿನ ಟೀಚರು ಹೇಳಿದ್ದು, ತನ್ನನ್ನು ನೋಡಲು ಬಂದು ಒಪ್ಪದೆ ಹೋದ ಗಂಡಿನ ಮನೆಯವರು ಹೇಳಿದ್ದು. ಇಷ್ಟು ವರ್ಷ ಲೋಕ ತನ್ನೊಡನೆ ಆಡಿದ್ದೆಲ್ಲ ಆ ಎರಡು ಕೈಗಳ ಮೂಲಕ ಬಂದದ್ದು. ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು?

ಸಾವಿತ್ರಮ್ಮ ಕಾಫಿ ಮಾಡಲು ಇಳಿದು ಹೋದರು. ಯಶೋದೆ ಕಾಫಿ ಕುಡಿಯದೆ ಹೊರಟುಬಿಟ್ಟಳು.

ಅವಳು ಒಬ್ಬಳೇ ತರೀಕೆರೆಗೆ ಹೋದಳು. ರಘುನಾಥರ ಮೇಜಿನ ಮೇಲೆ ಫೋನಿಟ್ಟು, ಹೇಳಬೇಕಾದ್ದನ್ನು ಬರೆದು ತೋರಿಸಿದಳು. ಓದುತ್ತಾ ಅವರ ಕಿವಿ ಕೆಂಪಾಯಿತು.

“ಅಯ್ಯೋ ಮೇಡಂ, ನೀವೇ ಒಪ್ಪಿದೀರಿ ಅಂದ್ರಲ್ಲ ನಿಮ್ಮ ಸಿಸ್ಟರ್. ನಾವು ಯಾರನ್ನ ಕೇಳ್ಬೇಕಿತ್ತು ಹೇಳಿ?” ಎಂದು ಫೋನು ಬರೆಯಿತು.

“ನನ್ನನ್ನ” ಎಂದು ಯಶೋದೆ ಬರೆದಳು.

ರಘುನಾಥ್ ಕೆಟ್ಟವರಲ್ಲ. ಆ್ಯಪಿನಲ್ಲಿ ಅವಳ ಹೆಸರು ಹಾಕಿಸಿದರು, ಅವಳ ಹಳೆಯ ವಿಡಿಯೋಗಳನ್ನೂ ಒಂದು ಮೂಲೆಯಲ್ಲಿ ಸೇರಿಸಿದರು. ಬೊಂಬೆಯನ್ನು ಮಾತ್ರ ತೆಗೆಯಲಿಲ್ಲ. ಅದು ಆಗಲೇ ಬೇರೆ ಜಿಲ್ಲೆಗಳ ಶಾಲೆಗಳಿಗೆ ಹೋಗಿಯಾಗಿತ್ತು. ಕಡೂರಿನ ಶಾಲೆಗೂ ಹೊಸ ಟ್ಯಾಬ್‌ಗಳಲ್ಲಿ ಅದೇ ಬಂತು. ಅದರಿಂದಲೇ ಪಾಠ ಮಾಡಬೇಕೆಂದು ಹೆಡ್‌ಮಾಸ್ಟರು ಹೇಳಿದರು. ಈಗ ಯಶೋದೆ ಪರದೆಯ ಪಕ್ಕದಲ್ಲಿ ನಿಲ್ಲುತ್ತಾಳೆ. ಬೊಂಬೆ ಅವಳ ಕೈಯಾಡಿಸುತ್ತದೆ, ಅವಳು ಹುಬ್ಬು ಏರಿಸಿ ಇಳಿಸಿ ಮುಖ ಕೊಡುತ್ತಾಳೆ. ಮಕ್ಕಳು ಒಮ್ಮೆ ಅದನ್ನೂ ಒಮ್ಮೆ ಇವಳನ್ನೂ ನೋಡುತ್ತವೆ. ಕೋಮಲಾ ಬೊಂಬೆಯನ್ನು ನೋಡುವುದೇ ಇಲ್ಲ.

ಯಶೋದೆ ಕಡೂರಿನಲ್ಲೇ ರೂಮು ಮಾಡಿದಳು. ದೀಪಶ್ರೀ ಕೆಲಸ ಬಿಡಲಿಲ್ಲ. ಬಿಡು ಎಂದು ಯಶೋದೆ ಹೇಳಲೂ ಇಲ್ಲ.

ಯುಗಾದಿಗೆ ಊರಿಗೆ ಬಂದವಳು ಹಬ್ಬ ಮುಗಿಸಿ ವಾಪಸು ಹೊರಟಾಗ, ಬೇಡವೆಂದರೂ ದೀಪಶ್ರೀ ಅಜ್ಜಂಪುರದ ಸ್ಟೇಷನ್ನಿಗೆ ಜೊತೆ ಬಂದಳು. ಮನೆಯಲ್ಲಿ ಇಬ್ಬರೂ ಊಟ, ಸ್ನಾನ ಎಂಬಷ್ಟೇ ಮಾತಾಡಿದ್ದರು. ಗಾಡಿ ಬರುವ ಹೊತ್ತಾಗಿತ್ತು. ಇದ್ದಕ್ಕಿದ್ದಂತೆ ಜನ ಗಂಟುಮೂಟೆ ಎತ್ತಿಕೊಂಡು ಗಡಿಬಿಡಿಯಲ್ಲಿ ಓಡಾಡತೊಡಗಿದರು.

ದೀಪಶ್ರೀ ಅಕ್ಕನ ಮುಂದೆ ಬಂದು ಕೈಯಾಡಿಸಿದಳು. “ಗಾಡಿ ಇವತ್ತು ಆ ಕಡೆ ಪ್ಲಾಟ್‌ಫಾರಂಗೆ ಬತ್ತದಂತೆ. ಬೇಗ ನಡಿ ಅಕ್ಕಾ.”

ಯಶೋದೆ ಆ ಕೈಗಳನ್ನು ನೋಡಿದಳು. ತಾನೇ ತಿದ್ದಿ ತೀಡಿದ ಕೈಗಳು. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು, ಬೆಂಚಿನ ಮೇಲಿದ್ದ ಮುದುಕನ ಹತ್ತಿರ ಹೋಗಿ, ಗಾಡಿ ಯಾವ ಕಡೆ ಬರುತ್ತದೆ ಎಂದು ಫೋನಿನಲ್ಲಿ ಬರೆದು ತೋರಿಸಿದಳು. ಮುದುಕ ಕನ್ನಡಕ ಸರಿಮಾಡಿಕೊಂಡು ಓದಿ, ಆ ಕಡೆಯ ಪ್ಲಾಟ್‌ಫಾರಮ್ಮಿನತ್ತ ಕೈ ತೋರಿಸಿ ತಲೆಯಾಡಿಸಿದ.

ತಂಗಿ ಹೇಳಿದ್ದು ನಿಜವೇ ಆಗಿತ್ತು. ಯಶೋದೆ ತಿರುಗಿ ನೋಡಿದಾಗ ದೀಪಶ್ರೀ ನಿಂತಲ್ಲೇ ನಿಂತಿದ್ದಳು. ಎತ್ತಿದ ಕೈಗಳನ್ನು ಇನ್ನೂ ಇಳಿಸಿರಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಯಶೋದೆಗೆ ಹೋಗಿ ಅವಳ ಕೈ ಹಿಡಿಯಬೇಕು ಎನ್ನಿಸಿತು. ಆದರೆ ಕಾಲು ಆ ಕಡೆ ಹೋಗಲಿಲ್ಲ. ಅವಳು ಜನರ ಹಿಂದೆ ಮೇಲ್ಸೇತುವೆ ಹತ್ತಿದಳು.